ಕೆಂಪು ಚೀಟಿಯ ಗೂಡು

ಮಂದಾಕಿನಿಗೆ ಹಣೆ ಚಚ್ಚಿಕೊಳ್ಳುವಂತಾಗಿತ್ತು. ಪೆಟ್ಟುಬಿದ್ದ ಸ್ನಾಯುವಿನ ಕಸ ಗುಡಿಸಿ, ಹೊಸ ಎಳೆ ಬೆಳೆಯಲು ಹಾದಿ ಮಾಡಿಕೊಡುವುದು ಬಿಳಿ ರಕ್ತಕಣಗಳೇ ಎಂದು ತೋರಿಸಲು ಪಿಎಚ್‌.ಡಿ.ಯ ಮೂರು ವರ್ಷ ಜೀವ ತೇದಿದ್ದಳು. ಎರಡು ಗೂಡಿನ ಇಲಿಗಳಿಗೂ ತೊಡೆಯಲ್ಲಿ ಒಂದೇ ಬಗೆಯ ಗಾಯ. ಕೆಂಪು ಚೀಟಿಯ ಗೂಡಿನವಕ್ಕೆ ಮಾತ್ರ ಆ ಕಣಗಳನ್ನು ಕೊಲ್ಲುವ ಸೂಜಿ, ದಿನಾ. ಅವು ಕುಂಟುತ್ತಲೇ ಇರಬೇಕಿತ್ತು. ಆದರೆ ಈ ಸಲವೂ ಎರಡೂ ಗೂಡಿನವು ಒಂದೇ ಸಮ ಚೇತರಿಸಿಕೊಂಡಿದ್ದವು.

“ನಿಮ್ಮ ಊಹೆಯೇ ತಪ್ಪಮ್ಮ. ಈ ವಿಷಯ ಬಿಟ್ಟುಬಿಡಿ,” ಎಂದು ಗೈಡ್ ಫೋನ್ ಇಟ್ಟರು.

ಅವಳು ನೋಟ್‌ಬುಕ್ಕನ್ನು ನೆಲಕ್ಕೆ ಒಗೆದಳು. ಇಲಿಗಳನ್ನು ನೋಡಿಕೊಳ್ಳುವ ಚೌಡಮ್ಮ ಅದನ್ನು ಎತ್ತಿಕೊಟ್ಟಳು.

“ಯಾಕವ್ವಾ ಇಷ್ಟು ಕ್ವಾಪ?”

“ಕೆಂಪು ಚೀಟಿ ಗೂಡಿನವು ಹ್ಯಾಗೆ ವಾಸಿಯಾಗ್ತಿವೆ ಚೌಡಮ್ಮ? ದಿನಾ ನಾನೇ ಸೂಜಿ ಚುಚ್ತೀನಲ್ಲ!”

ಚೌಡಮ್ಮನ ಮುಖ ಅರಳಿತು.

“ದಿನಾ ಅವಕ್ಕೇ ಚುಚ್ಚುದ್ರೆ ಪಾಪ ತಡ್ಕೊತವಾ? ಅದಕ್ಕೇ ಬೆಳಿಗ್ಗೆ ಗೂಡು ತೊಳ್ಯೋವಾಗೆಲ್ಲ ಅಲ್ಲಿನವನ್ನ ಇಲ್ಲಿಗೆ, ಇಲ್ಲಿನವನ್ನ ಅಲ್ಲಿಗೆ ಬಿಡ್ತಿದ್ದೆ ಕಣವ್ವಾ.”