ಅತಿಥಿಗೆಂದು ಒಪ್ಪ ಮಾಡಿದ ಮನೆ

ಮನೆಯನ್ನು ಇಷ್ಟು ಚೊಕ್ಕಟ ಮಾಡಬಾರದಿತ್ತು ಎಂದು ಸಿಗ್ನೆ ಮನಸ್ಸಿನಲ್ಲೇ ಒಪ್ಪಿಕೊಂಡಳು. ಮರೆವಿನ ಕಾಯಿಲೆಯ ಅಮ್ಮನಿಗೆ ಆರೈಕೆಯ ಮನೆಯಲ್ಲಿ ಜಾಗ ಕೊಡಬೇಕೋ ಬೇಡವೋ ಎಂದು ನೋಡಲು ಪುರಸಭೆಯ ನರ್ಸ್ ಬಿರ್ಥೆ ಬಂದಿದ್ದಳು. ಬರುವವರ ಮುಂದೆ ಮಾನ ಹೋಗಬಾರದೆಂದು ಸಿಗ್ನೆ ಬೆಳಗ್ಗೆಯೇ ಅಮ್ಮ ಹಚ್ಚದಿರಲೆಂದು ಒಲೆಗೆ ಹಾಕಿದ್ದ ಬೀಗ ತೆಗೆದು, ‘ಬಚ್ಚಲು’, ‘ಅಡುಗೆಮನೆ’ ಎಂದು ಬಾಗಿಲುಗಳಿಗೆ ಅಂಟಿಸಿದ್ದ ಚೀಟಿಗಳನ್ನು ಕಿತ್ತು, ಮೇಜಿನ ಮೇಲೆ ಮೇಣದಬತ್ತಿ ಹಚ್ಚಿ, ಅಮ್ಮನಿಗೆ ಮುತ್ತಿನ ಸರ ತೊಡಿಸಿದ್ದಳು.

ಈಗ ಅಮ್ಮ ಒಂದು ಹನಿಯೂ ಚೆಲ್ಲದೆ ಕಾಫಿ ಬಗ್ಗಿಸುತ್ತಿದ್ದಳು. “ಆರ್‌ಹೂಸ್ ಪಟ್ಟಣದಲ್ಲಿ ಟೀಚರಾಗಿದ್ದೆ ನಾನು. ಮರೆವಿಗೆ ಅಂತ ಔಷಧದ ಅಂಟುಪಟ್ಟಿ ಇವಳೇ ದಿನಾ ನನ್ನ ಬೆನ್ನಿಗೆ ಅಂಟಿಸ್ತಾಳೆ. ಮದುವೆಯಂತೂ ಆಗ್ಲಿಲ್ಲ, ಏನಾದ್ರೂ ಕೆಲಸ ಬೇಕಲ್ಲ ಪಾಪ.”

ಬಿರ್ಥೆ ನಕ್ಕಳು. “ನಿಮ್ಮಮ್ಮ ನನಗಿಂತ ಚುರುಕಾಗಿದಾರೆ ಕಣಮ್ಮ. ಆ ಅಂಟುಪಟ್ಟಿ ಚೆನ್ನಾಗೇ ಕೆಲಸ ಮಾಡ್ತಿದೆ. ಇನ್ನೊಂದು ವರ್ಷ ಇಲ್ಲೇ ಇರ್ಲಿ, ಆಮೇಲೆ ನೋಡೋಣ.”

ಸಿಗ್ನೆ ಬಿಸ್ಕತ್ತಿನ ತಟ್ಟೆಗೆ ಕೈ ಚಾಚಿದಳು. “ತೋಳು ಕಾಫಿಗೆ ತಾಗುತ್ತೆ, ಪುಟ್ಟಿ,” ಎಂದು ಅಮ್ಮ ಅವಳ ಸ್ವೆಟರಿನ ತೋಳನ್ನು ಮೊಣಕೈವರೆಗೆ ಮಡಚಿದಳು. ಮುಂಗೈ ತುಂಬ ಹಲ್ಲಿನ ಗುರುತುಗಳು ಕಪ್ಪುಗಟ್ಟಿದ್ದವು. ನಿನ್ನೆ ಅಮ್ಮನನ್ನು ಸ್ನಾನಕ್ಕೆ ಎಬ್ಬಿಸಿದಾಗ ಬಿದ್ದ ಗುರುತು ಇನ್ನೂ ಹಸಿಯಾಗಿತ್ತು. ಅಮ್ಮನ ಕಣ್ಣಲ್ಲಿ ನೀರು ತುಂಬಿತು. ಗಾಯದ ಸುತ್ತ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. “ಯಾರೇ ನಿನ್ನ ಹೀಗೆ ಕಚ್ಚಿದ್ದು? ಹೆಸರು ಹೇಳು, ಅವರನ್ನ ಸುಮ್ನೆ ಬಿಡಲ್ಲ ನಾನು.”

“ನೀನೇ, ಅಮ್ಮ,” ಎಂದಳು ಸಿಗ್ನೆ. “ನೀನು ಈ ಮನೇಲಿರೋದು ನನಗಿನ್ನು ಬೇಡ.”