ನಡುಗಿದರೆ ಕೂಗುವ ಯಂತ್ರ

ವಿಭೂತಿಯ ವಾಸನೆ ಬಂದರೆ ಈಗಲೂ ನನಗೆ ದೇವರಮನೆಯಲ್ಲ, ಲೋಹಾರಾದ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಜೇಬಿನಲ್ಲಿ ಹಿಡಿಸುವಂಥ ಪುಟ್ಟ ಕಂಪ್ಯೂಟರನ್ನು ಶಾಲೆಯಲ್ಲಿ ಕೊಟ್ಟು, ಏನಾದರೂ ಹೊಸದು ಮಾಡಿ ತನ್ನಿ ಎಂದಿದ್ದರು. ಗೆಳತಿಯರು ಅದಕ್ಕೆ ಹೆಜ್ಜೆ ಎಣಿಸಲು, ಗಿಡ ಒಣಗಿದ್ದನ್ನು ಹೇಳಲು ಕಲಿಸಿದರು. ನಾನು ನನ್ನದಕ್ಕೆ, ಅದು ಅಲುಗಾಡಿದೊಡನೆ ಕೂಗಲು ಕಲಿಸಿದೆ. ಅಪ್ಪನ ತಾಯಿ, ನಮ್ಮ ಆಯಿ, ನಾನು ಹುಟ್ಟುವ ಮೊದಲು ನಮ್ಮೂರನ್ನು ಕೆಡವಿದ ಭೂಕಂಪದ ನಂತರ ಸೂರಿನಡಿ ಮಲಗಿದ್ದೇ ಇಲ್ಲ, ಚಳಿಗಾಲದಲ್ಲೂ ಅಂಗಳವೇ.

"ನೆಲ ನಡುಗಿದ್ರ ಇದು ಎಬ್ಬಿಸ್ತದ ಆಯಿ. ಇನ್ನ ಒಳಗ ಮಲಗು."

"ನನಗ ಕಿವಿ ಮಂದ, ನನ್ನವ್ವಾ. ಕೈಯಾಗ ಕೊಡು, ಹಿಡಕೊಂಡ ಮಲಗ್ತೀನಿ."

ವಿಭೂತಿ ಹತ್ತಿದ ಆ ಒಣ ಅಂಗೈಯಲ್ಲಿ ಇಟ್ಟ ಕೂಡಲೇ ಅದು ಕೂಗತೊಡಗಿತು. ಭೂಕಂಪದಲ್ಲಿ ಕುಸಿದ ಮನೆಯ ಕಲ್ಲುಮಣ್ಣಿನಡಿಯಿಂದ ಅವಳನ್ನು ಎಳೆದು ತೆಗೆದಂದಿನಿಂದ ಆ ಕೈ ನಡುಗುತ್ತಲೇ ಇತ್ತು. ಹುಟ್ಟಿದಾಗಿನಿಂದ ನೋಡಿದ್ದೆ, ಆದರೆ ಲೆಕ್ಕಕ್ಕೆ ಹಿಡಿದಿರಲಿಲ್ಲ. ಆಯಿ ಇನ್ನೊಂದು ಕೈಯಿಂದ ಮಣಿಕಟ್ಟನ್ನು ಒತ್ತಿ ಹಿಡಿದಳು. ಕೂಗು ಹೆಚ್ಚಾಯಿತು.

"ತಡಿ, ಸರಿ ಮಾಡ್ತೀನಿ" ಎಂದು ಕಾಕಾನ ಲ್ಯಾಪ್‌ಟಾಪಿಗೆ ಜೋಡಿಸಿ, ಎಷ್ಟು ಅಲುಗಿದರೆ ಕೂಗಬೇಕೆಂಬ ಅಂಕಿಯನ್ನು ಏರಿಸಿದೆ. ಅವಳ ಕೈಗಿಟ್ಟರೆ ಮತ್ತೂ ಕೂಗಿತು. ಮತ್ತೆ ಏರಿಸಿದೆ. ಏರಿಸುತ್ತಲೇ ಹೋದೆ. ಕೊನೆಗೆ ಸುಮ್ಮನಾಯಿತು.

ಆಯಿ ಬೊಚ್ಚುಬಾಯಿ ತೆರೆದು ನಕ್ಕಳು. ಅಂಗಳಕ್ಕೆ ಹೋಗಿ ತನ್ನ ಕೌದಿಯನ್ನು ಒಳಗೆ ತಂದು, ಗೋಡೆಯ ಬದಿಗೆ ಹಾಸಿ, ಯಂತ್ರವನ್ನು ಮತ್ತೆ ಕೈಗೆತ್ತಿಕೊಂಡು ಅದರ ಮೇಲೆ ಕೂತಳು.

"ಈಗ ನೆಲ ನಡುಗಿದ್ರ ಒದರತದಲ್ಲಾ?"

ನಾನು ಪರದೆಯ ಮೇಲಿನ ಅಂಕಿಯನ್ನೇ ನೋಡುತ್ತಿದ್ದೆ; ಅಷ್ಟು ಏರಿಸಿದ ಮೇಲೆ ನೆಲದ ನಡುಕವೂ ಅದಕ್ಕೆ ಮುಟ್ಟುವಂತಿರಲಿಲ್ಲ. ಅವಳ ಅಂಗೈಯಲ್ಲಿ ಯಂತ್ರ ನಡುಗುತ್ತಿತ್ತು, ದನಿಯಿರಲಿಲ್ಲ.

ಆಯಿ ನನ್ನ ಮುಖ ನೋಡಿದಳು. ಆಮೇಲೆ ಎದ್ದು, ಹಾಸಿದ ಕೌದಿಯನ್ನು ಮತ್ತೆ ಮಡಿಸತೊಡಗಿದಳು.