ಕಂಬಳಿಯೊಳಗಿನ ಓಢಣಿ

ಗಾಳಿ ಮತ್ತೆ ತಲೆಯ ಮೇಲಿನ ಓಢಣಿಯನ್ನು ಹಾರಿಸಿತು. ಮನಿಷಾ ಎಡಗೈ ಬಿಟ್ಟು ಅದನ್ನು ಎಳೆದುಕೊಂಡಳು, ಬೈಕು ವಾಲಿತು. ಹಿಂದೆ ಕೂತಿದ್ದ ಮಾವ ಅಮೋಗಸಿದ್ದ, ಅವಳು ಮದುವೆಯಾಗಿ ಬಂದಾಗಿನಿಂದ ಸೊಸೆಯ ಬರಿಯ ತಲೆ ನೋಡಿರಲಿಲ್ಲ. ಕೆಮ್ಮುವ ಕುರಿಮರಿಗಳಿಗೆ ಔಷಧ ತಗೊಂಡು ಜತ್ತ ಪೇಟೆ ಬಿಟ್ಟಾಗ ಬರೀ ಚಳಿಯಿತ್ತು. ವಳಸಂಗ ದಾಟುತ್ತಲೇ ಅಕಾಲದ ಮಳೆ ಅಡ್ಡಡ್ಡ ಹೊಡೆಯತೊಡಗಿತ್ತು.

“ಎರಡೂ ಕೈಲೆ ಹಿಡಿ ಯವ್ವಾ,” ಎಂದ ಅಮೋಗಸಿದ್ದ.

“ಓಢಣಿ ನಿಲ್ಲವಲ್ದ್ರಿ ಮಾವಾರ.”

“ಅದನ್ನ ಇತ್ಲಾಗ ಕೊಡು.”

ಮನಿಷಾ ಓಢಣಿ ತೆಗೆದು ಹಿಂದಕ್ಕೆ ಕೊಟ್ಟಳು. ಅವನು ಅದನ್ನು ಹಿಂಡಿ ಮಡಚಿ, ಹೊದ್ದ ಕಂಬಳಿಯೊಳಗೆ ಎದೆಗೆ ಒತ್ತಿ ಇಟ್ಟುಕೊಂಡ. ಬೈಕು ನೆಟ್ಟಗಾಯಿತು, ಜೋರೂ ಆಯಿತು. ಆಯುಷ್ಯವೆಲ್ಲ ಕುರಿಗಳ ಹಿಂದೆ ನಡೆದವನಿಗೆ ಹೀಗೆ ಮುಖಕ್ಕೆ ರಾಚುವ ಮಳೆಯ ರುಚಿಯೇ ಗೊತ್ತಿರಲಿಲ್ಲ. ಒಂದು ತಗ್ಗಿನಲ್ಲಿ ಬೈಕು ಜಿಗಿದಾಗ ಮನಿಷಾ ಗಟ್ಟಿಯಾಗಿ ನಕ್ಕುಬಿಟ್ಟಳು. ಸೊಸೆಯ ನಗುವನ್ನು ಅವನು ಕೇಳಿದ್ದೂ ಇದೇ ಮೊದಲು.

“ಇನ್ನೂ ಜೋರ ಹೊಡಿ,” ಎಂದ.

ಸೊರಡಿಯ ಮೊದಲ ಮನೆಗಳು ಕಂಡವು. ಚಹಾದಂಗಡಿಯ ತಗಡಿನ ಕೆಳಗೆ ಊರ ಹಿರಿಯರು ಮಳೆ ನಿಲ್ಲುವುದನ್ನು ಕಾಯುತ್ತ ರಸ್ತೆಯನ್ನೇ ನೋಡುತ್ತಿದ್ದರು. ಮನಿಷಾ ಬೈಕು ನಿಧಾನ ಮಾಡಿ, ಕೈ ಹಿಂದೆ ಚಾಚಿದಳು.

“ಊರ ಬಂತ್ರಿ ಮಾವಾರ. ಓಢಣಿ ಕೊಡ್ರಿ.”

ಅಮೋಗಸಿದ್ದ ಕಂಬಳಿಯೊಳಗೆ ಕೈ ಹಾಕಿ ಮುಟ್ಟಿ ನೋಡಿದ. ಎದೆಯ ಕಾವಿಗೆ ಓಢಣಿ ಒಣಗಿ ಬೆಚ್ಚಗಾಗಿತ್ತು.

“ಇನ್ನೂ ಹಸಿ ಐತಿ,” ಎಂದ. “ಹಂಗ ನಡಿ.”